ಶುಕ್ರವಾರ ಡೆಲಿವರಿ, ಸರ್!

ಆಯುಧಪೂಜೆಯ ಬೆಳಗ್ಗೆ ನಮ್ಮ ಮನೆ ಮುಂದೆ ಒಂದು ಸಣ್ಣ ಯುದ್ಧವೇ ನಡೆಯಿತು. ಅಮ್ಮನ ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಕಲಸಿದ ವಿಭೂತಿ. ಕಾರಿಗೂ ಅಮ್ಮನಿಗೂ ನಡುವೆ ಕೈ ಅಡ್ಡ ಹಿಡಿದುಕೊಂಡು ನಾನು. "ಬೇಡಮ್ಮ, ಪೇಂಟ್ ಹೊಸದು" ಅಂದೆ. "ಹೊಸದಾದ್ರೆ ಒಳ್ಳೇದೇ ಆಯ್ತಲ್ಲೋ, ಪೂಜೆ ಮಾಡೋದೇ ಹೊಸದಕ್ಕೆ" ಅಂದರು ಅಮ್ಮ. ಎದುರು ಮನೆ ಅಂಕಲ್ ಬೂದುಗುಂಬಳಕಾಯಿ ಹಿಡಿದುಕೊಂಡು ನಿಂತು ನಗುತ್ತಿದ್ದರು. ಇವನಿಗೆ ಏನಾಗಿದೆ ಅನ್ನುವ ಹಾಗೆ.

ಏನಾಗಿತ್ತು ಅಂತ ಮೊದಲಿಂದ ಹೇಳುತ್ತೇನೆ. ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ.

ಆಗಸ್ಟ್ ಕೊನೆಯಲ್ಲಿ ನಾಯಂಡಹಳ್ಳಿ ಹತ್ತಿರ ಒಂದು ಲಗೇಜ್ ಆಟೋ ನನ್ನ ಕಾರಿನ ಎಡಗಡೆಗೆ ಉಜ್ಜಿಕೊಂಡು ಹೋಯಿತು. ಮುಂದಿನ ಫೆಂಡರ್ ಒಳಗೆ ಹೋಯಿತು, ಮುಂದಿನ ಬಾಗಿಲಿಗೆ ಉದ್ದಕ್ಕೂ ಗೀರು, ಬಂಪರ್ ಅಂಚು ತರಚಿತು. ಡ್ರೈವರ್ ಇಳಿದು ಬಂದು ಕೈ ಮುಗಿದ. ಮಳೆ ಬೇರೆ. ಜಗಳ ಆಡುವ ಮನಸ್ಸು ಬರಲಿಲ್ಲ.

ಆಫೀಸಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: "ಜೀರೋ ಡೆಪ್ ಇದೆಯಲ್ಲ, ಸುಮ್ನೆ ಕ್ಲೇಮ್ ಮಾಡು, ಫ್ರೀ ಆಗತ್ತೆ." ಜೀರೋ ಡೆಪ್ ಅಂದರೆ ಬಿಡಿಭಾಗ ಹಳೆಯದಾಯಿತು ಅಂತ ದುಡ್ಡು ಕಡಿತ ಮಾಡದ ಕಾರ್ ಇನ್ಶೂರೆನ್ಸ್. ನಾನೂ ಹಾಗೇ ಅಂದುಕೊಂಡಿದ್ದೆ. ರಾತ್ರಿ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ಫ್ರೀ ಅನ್ನೋದೆಲ್ಲ ಸುಳ್ಳು. ಐದು ವರ್ಷ ಕ್ಲೇಮ್ ಮಾಡದೆ ಇದ್ದುದಕ್ಕೆ ನನಗೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಇತ್ತು. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಬರುತ್ತದೆ. ಆಮೇಲೆ ವರ್ಷ ವರ್ಷ 20, 25, 35, 45 ಅಂತ ಹತ್ತಿಕೊಂಡು ಮತ್ತೆ 50ಕ್ಕೆ ಹೋಗಬೇಕು. ನನ್ನ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನಮ್ಮದೇ ಕಾರಿಗೆ ಆಗುವ ಹಾನಿಗೆ ಕಟ್ಟುವ ಭಾಗ, ಬೋನಸ್ ಕಳೆಯುವ ಮೊದಲು ಸುಮಾರು 9,000 ರೂಪಾಯಿ. ಐದು ವರ್ಷದಲ್ಲಿ ಕೈತಪ್ಪುವ ರಿಯಾಯಿತಿ ಕೂಡಿಸಿದರೆ 11,000 ದಾಟುತ್ತದೆ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಮ್ಮಿಯಾಗಬಹುದು, ಅಷ್ಟೇ. ಅದರ ಮೇಲೆ ಎಲ್ಲರೂ ಫೈಲ್ ಚಾರ್ಜ್ ಅಂತ ಕರೆಯುವ 1,000 ರೂಪಾಯಿ, ಇಂಜಿನ್ 1500 ಸಿಸಿ ಮೀರಿದರೆ 2,000, ನಮ್ಮ ಜೇಬಿನಿಂದಲೇ. ರಿಪೇರಿ ಎಸ್ಟಿಮೇಟ್ ಬಂದಿದ್ದು 13,000. ಇಷ್ಟಕ್ಕೆ ಕ್ಲೇಮ್ ಯಾಕೆ? ದುಡ್ಡು ಕೊಟ್ಟೇ ಮಾಡಿಸೋಣ ಅಂತ ತೀರ್ಮಾನ ಮಾಡಿದೆ. ನಿಮ್ಮ ಪಾಲಿಸಿಯಲ್ಲಿ ಬೋನಸ್ ಉಳಿಸುವ ಆಡ್ ಆನ್ ಇದ್ದರೆ ಲೆಕ್ಕ ಬೇರೆ, ನೋಡಿಕೊಳ್ಳಿ.

ನಮ್ಮ ಏರಿಯಾದಲ್ಲಿ ಹೊಂಗೆ ಮರದ ಕೆಳಗೆ ಒಬ್ಬರು ಟಿಂಕರಿಂಗ್ ಭಾಯ್ ಇದ್ದಾರೆ. ಅವರು 7,000ಕ್ಕೆ ಮಾಡಿಕೊಡ್ತೀನಿ ಅಂದರು. ತಗಡು ಎತ್ತುವುದರಲ್ಲಿ ಅವರ ಕೈಗೆ ಸಮ ಇಲ್ಲ. ಒಳಗಿಂದ ಒಂದು ಕಬ್ಬಿಣ ಒತ್ತಿ ಹಿಡಿದು ಹೊರಗಿಂದ ಸುತ್ತಿಗೆಯಲ್ಲಿ ಟಕಟಕ ಅಂತ ತಟ್ಟುತ್ತಾ ಮೊದಲಿನ ಆಕಾರಕ್ಕೆ ತರುತ್ತಾರೆ. ತಗ್ಗು ತುಂಬಲು ಮೆತ್ತುವ ಪುಟ್ಟಿ ಕಮ್ಮಿ. ಆದರೆ ಬಣ್ಣ ಹೊಡೆಯುವುದು ಅದೇ ಮರದ ಕೆಳಗೆ. ಮಳೆಗಾಲ, ಗಾಳಿ, ಪಕ್ಕದಲ್ಲೇ ರೋಡಿನ ಧೂಳು. ಹಾಗಾಗಿ ಬಣ್ಣ ಹೊಡೆಯಲು ಮುಚ್ಚಿದ ಬೂತ್ ಇರುವ ದೊಡ್ಡ ಬಾಡಿ ಶಾಪಿಗೆ ಹೋದೆ. ಎಸಿ ರೂಮು, ಕಾಫಿ ಮಶೀನು, ಟೈ ಕಟ್ಟಿದ ಸರ್ವಿಸ್ ಅಡ್ವೈಸರ್.

ನಾನು ಕೇಳಿದ ಮೊದಲ ಪ್ರಶ್ನೆ: "ಯಾವಾಗ ಕೊಡ್ತೀರಾ?"

"ಶುಕ್ರವಾರ ಡೆಲಿವರಿ, ಸರ್."

ಈಗ ಯೋಚನೆ ಮಾಡಿದರೆ ತಪ್ಪು ಶುರುವಾಗಿದ್ದೇ ಅಲ್ಲಿ. ಯಾವ ಪೇಂಟು, ಎಷ್ಟು ಕೋಟು, ಪಕ್ಕದ ಬಾಗಿಲಿಗೆ ಶೇಡ್ ಹೊಂದಿಸುತ್ತೀರಾ ಅಂತ ಒಂದೂ ಕೇಳಲಿಲ್ಲ. ತಾರೀಕು ಕೇಳಿದೆ, ಅವರು ನನಗೆ ಇಷ್ಟವಾಗುವ ತಾರೀಕು ಹೇಳಿದರು.

ಶುಕ್ರವಾರ ಸಂಜೆ ಏಳು ಗಂಟೆಗೆ ಕಾರು ಕೈಗೆ ಬಂತು. ತೊಳೆದಿದ್ದರು, ಟ್ಯೂಬ್‌ಲೈಟ್ ಕೆಳಗೆ ಫಳಫಳ ಹೊಳೆಯುತ್ತಿತ್ತು. ಸಹಿ ಹಾಕಿದೆ, ದುಡ್ಡು ಕೊಟ್ಟೆ. ಹೊರಡುವಾಗ "ಸೆರಾಮಿಕ್ ಕೋಟಿಂಗ್ ಆಫರ್ ಇದೆ ಸರ್, ಇವತ್ತೇ ಮಾಡಿಸಿಬಿಡಿ" ಅಂದರು. ಆ ಹೊತ್ತಿಗೆ ಪರ್ಸ್ ಖಾಲಿ, ಅದೇ ಕಾಪಾಡಿತು.

ಶನಿವಾರ ಬೆಳಗ್ಗೆ ಬಿಸಿಲಿಗೆ ತೆಗೆದು ನೋಡುತ್ತೇನೆ, ಮುಂದಿನ ಬಾಗಿಲು ಒಂದು ಕಾರಿಂದ, ಹಿಂದಿನ ಬಾಗಿಲು ಇನ್ನೊಂದು ಕಾರಿಂದ ತಂದು ಜೋಡಿಸಿದ ಹಾಗಿದೆ. ನನ್ನದು ಸಿಲ್ವರ್. ಎದುರಿನಿಂದ ನೋಡಿದರೆ ಪರವಾಗಿಲ್ಲ, ಪಕ್ಕದಿಂದ ನೋಡಿದರೆ ಹೊಸ ಬಾಗಿಲು ಕಪ್ಪಗೆ. ಹಿಡಿಯ ಹತ್ತಿರ ಬಣ್ಣ ಕಿತ್ತಳೆ ಸಿಪ್ಪೆ ತರಹ ತರಿತರಿ. ಕೈಯಾಡಿಸಿದರೆ ಧೂಳಿನ ಕಾಳು. ಫೆಂಡರ್ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ತೂತುಗಳು. ಕಿಟಕಿಯ ರಬ್ಬರ್ ಬೀಡಿಂಗ್ ಮೇಲೂ ಸಿಲ್ವರ್ ಸಿಡಿದಿತ್ತು. ಮಾಸ್ಕಿಂಗ್ ಟೇಪನ್ನು ಎಷ್ಟು ಅವಸರದಲ್ಲಿ ಅಂಟಿಸಿದ್ದರೋ.

ವಾಪಸ್ ಹೋದೆ. ಅಡ್ವೈಸರ್ ನಗುನಗುತ್ತಾ ಹೇಳಿದರು, "ಒಂದು ವಾರ ಬಿಸಿಲಲ್ಲಿ ನಿಲ್ಸಿ ಸರ್, ಶೇಡ್ ತಾನೇ ಸೆಟ್ ಆಗತ್ತೆ."

ಈ ಮಾತು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಬಿಸಿಲಿಗೆ ಪೇಂಟು ಗಟ್ಟಿಯಾಗುತ್ತದೆ, ನಿಜ. ಶೇಡ್ ಪಕ್ಕದ ಬಾಗಿಲನ್ನು ನೋಡಿಕೊಂಡು ತಾನಾಗಿ ಬದಲಾಗುವುದಿಲ್ಲ.

ನಾನು ಜೋರಾಗಿ ಮಾತಾಡಿದ್ದಕ್ಕೋ ಏನೋ, ಒಳಗಿಂದ ಪೇಂಟರ್ ಹುಡುಗನನ್ನೇ ಕರೆಸಿದರು. ಕುತ್ತಿಗೆಗೆ ಕರ್ಚೀಫು, ರೆಪ್ಪೆ ಮೇಲೆ ಬಿಳಿ ಪುಡಿ. ಅಡ್ವೈಸರ್ ಫೋನ್ ಬಂತು ಅಂತ ಆ ಕಡೆ ಹೋದಾಗ ಅವನು ನಿಜ ಹೇಳಿದ. "ಸಾರ್, ಸಿಲ್ವರ್‌ನ ಬಾಗಿಲಿಗೆ ಮಾತ್ರ ಹೊಡೆದು ನಿಲ್ಸೋಕಾಗಲ್ಲ. ಹಿಂದಿನ ಡೋರಿಗೂ ಸ್ವಲ್ಪ ಸ್ವಲ್ಪ ಎಳ್ಕೊಂಡು ಹೋಗ್ಬೇಕು. ಅದು ಎಸ್ಟಿಮೇಟಲ್ಲಿ ಇರ್ಲಿಲ್ಲ. ಶುಕ್ರವಾರನೇ ಬೇಕಂತೆ ಅಂದ್ರು, ಕೋಟ್ ಮಧ್ಯೆ ಆರೋಕೂ ಟೈಮ್ ಕೊಡ್ಲಿಲ್ಲ."

ಅವನ ಹತ್ತಿರ ಹತ್ತು ನಿಮಿಷ ನಿಂತೆ. ಅಲ್ಲಿ ಕಲಿತಷ್ಟು ಯಾವ ಯೂಟ್ಯೂಬ್ ವಿಡಿಯೋದಲ್ಲೂ ಕಲಿತಿಲ್ಲ. ಡ್ರೈವರ್ ಬಾಗಿಲಿನ ಕಂಬದ ಮೇಲೋ ಬಾನೆಟ್ ಕೆಳಗೋ ಕಲರ್ ಕೋಡ್ ಇರುತ್ತದೆ. ಆದರೆ ಒಂದೇ ಕೋಡಿನಲ್ಲೂ ಸ್ವಲ್ಪ ಸ್ವಲ್ಪ ವ್ಯತ್ಯಾಸದ ಶೇಡುಗಳಿರುತ್ತವೆ. ಆರು ವರ್ಷ ಬಿಸಿಲು ತಿಂದ ನನ್ನ ಕಾರು ಇನ್ನಷ್ಟು ಬೇರೆಯಾಗಿರುತ್ತದೆ. ಸಿಲ್ವರ್‌ನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಗನ್ ಎಷ್ಟು ದೂರ ಹಿಡಿದರು, ಗಾಳಿ ಎಷ್ಟು ಬಿಟ್ಟರು, ಕೋಟು ಎಷ್ಟು ಒದ್ದೆಯಾಗಿ ಬಿತ್ತು ಅನ್ನುವುದರ ಮೇಲೆ ಆ ಚೂರುಗಳು ಮಲಗುವ ರೀತಿಯೇ ಬದಲಾಗುತ್ತದೆ. ಅದಕ್ಕೇ ಎದುರಿನಿಂದ ಒಂದು ಬಣ್ಣ, ಪಕ್ಕದಿಂದ ಇನ್ನೊಂದು. ಬಂಪರ್ ಬೇರೆ ಪ್ಲಾಸ್ಟಿಕ್ಕು. ಅದು ಎಷ್ಟೋ ಹೊಸ ಕಾರುಗಳಲ್ಲೇ ತಗಡಿಗೆ ಪೂರ್ತಿ ಹೊಂದಿರುವುದಿಲ್ಲ.

ಸೂಜಿ ತೂತಿನ ಕಾರಣ ಅವಸರ. ಒಂದು ಕೋಟಿನ ಥಿನ್ನರ್ ಹಾರಿಹೋಗುವ ಮೊದಲೇ ಮೇಲೆ ಇನ್ನೊಂದು ಕೋಟು ಹೊಡೆದು ಹೀಟರ್ ಹಾಕಿದರೆ, ಒಳಗೆ ಸಿಕ್ಕಿಕೊಂಡ ಆವಿ ತೂತು ಮಾಡಿಕೊಂಡೇ ಹೊರಗೆ ಬರುತ್ತದೆ. ಫ್ಯಾಕ್ಟರಿಯಲ್ಲಿ ಬರೀ ಲೋಹದ ಬಾಡಿಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಅಲ್ಲಿ ಆಗ ಸೀಟಿಲ್ಲ, ವೈರಿಲ್ಲ. ಬಾಡಿ ಶಾಪಿನಲ್ಲಿ ಪೂರ್ತಿ ಕಾರು ನಿಂತಿರುತ್ತದೆ, 60 ಡಿಗ್ರಿಯ ಆಸುಪಾಸಿನಲ್ಲಿ ಅರ್ಧ ಗಂಟೆ ಅಷ್ಟೇ. ಉಳಿದ ಕೆಲಸ ಪೇಂಟಿನಲ್ಲಿ ಬೆರೆಸಿದ ಹಾರ್ಡನರ್ ನಿಧಾನವಾಗಿ ಮಾಡಬೇಕು. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ಇನ್ನೂ ಹಸಿ.

ಇಲ್ಲಿ ಇನ್ನೊಂದು ವಿಷಯ. ಈ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಬರಬಹುದು. ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಬರುವ ಮಾಸ್ಕ್ ಬೇಕು. ಆ ಹುಡುಗನ ಹತ್ತಿರ ಇದ್ದದ್ದು ಕರ್ಚೀಫು. ಕಾಫಿ ಮಶೀನಿಗೆ ದುಡ್ಡಿದೆ, ಮಾಸ್ಕಿಗೆ ಇಲ್ಲ. ಮ್ಯಾನೇಜರ್‌ಗೆ ಹೇಳಿದೆ. "ನೋಡ್ತೀವಿ ಸರ್" ಅಂದರು.

ಕೊನೆಗೆ ಮತ್ತೆ ಮಾಡಿಕೊಡಲು ಒಪ್ಪಿದರು. ಈ ಸಲ ನಾನೇ ಹೇಳಿದೆ, ಹತ್ತು ದಿನ ಇಟ್ಟುಕೊಳ್ಳಿ, ಹಿಂದಿನ ಬಾಗಿಲಿಗೂ ಶೇಡ್ ಎಳೆಯಿರಿ, ಅದರ ದುಡ್ಡು ಕೊಡುತ್ತೇನೆ ಅಂತ. ಹೌದು, ಕೊಟ್ಟೆ. ಅವರ ತಪ್ಪಿಗೆ ನೀನ್ಯಾಕೆ ಕೊಟ್ಟೆ ಅಂತ ತಮ್ಮ ಈಗಲೂ ಬೈಯುತ್ತಾನೆ. ಅವಸರದ ಅರ್ಧ ನನ್ನದೇ ಅಂತ ನನ್ನ ಲೆಕ್ಕ. ಹತ್ತು ದಿನ ಮೆಟ್ರೋದಲ್ಲಿ ಓಡಾಡಿದೆ. ಕಾರು ತರುವಾಗ ಬೆಳಗ್ಗೆ ಹತ್ತೂವರೆಗೆ ಹೋಗಿ, ಹೊರಗೆ ಬಿಸಿಲಿಗೆ ನಿಲ್ಲಿಸಿ, ಸುತ್ತ ಎರಡು ರೌಂಡ್ ಹಾಕಿ, ಆಮೇಲೆ ಪೆನ್ ಮುಟ್ಟಿದೆ. ಬಟ್ಟೆ ಸುತ್ತಿದ ಫ್ರಿಜ್ ಮ್ಯಾಗ್ನೆಟ್ ಜೇಬಿನಲ್ಲಿತ್ತು. ಫೆಂಡರ್ ಮೇಲೆ ಅದು ಗಟ್ಟಿಯಾಗಿ ಕಚ್ಚಿಕೊಂಡರೆ ತಗಡು, ಜಾರಿದರೆ ಕೆಳಗೆ ಪುಟ್ಟಿ ದಪ್ಪ ಇದೆ ಅಂತ. ಕಚ್ಚಿಕೊಂಡಿತು. ಅಡ್ವೈಸರ್ ಮುಖ ನೋಡಬೇಕಿತ್ತು.

ಹೊರಡುವಾಗ ಪೇಂಟರ್ ಹುಡುಗ ಕಿಟಕಿ ಹತ್ತಿರ ಬಂದು ಹೇಳಿದ್ದು: ಒಂದು ತಿಂಗಳು ವ್ಯಾಕ್ಸ್ ಬೇಡ, ಪಾಲಿಶ್ ಬೇಡ, ಕೋಟಿಂಗ್ ಬೇಡ, ಕಾರ್ ಕವರ್ ಅಂತೂ ಬೇಡವೇ ಬೇಡ. ಒಳಗಿನ ಥಿನ್ನರ್ ಹೊರಗೆ ಹೋಗಬೇಕು, ಮೇಲೆ ಮುಚ್ಚಳ ಹಾಕಬಾರದು. ಪೇಂಟಿಗೆ ತಕ್ಕಂತೆ 30ರಿಂದ 90 ದಿನ ಕಾಯಿರಿ ಅನ್ನುತ್ತಾರೆ, ನಾನು ಎರಡು ತಿಂಗಳು ಅಂತ ಇಟ್ಟುಕೊಂಡಿದ್ದೇನೆ. ಬ್ರಶ್ ತಿರುಗುವ ಮಶೀನ್ ವಾಶ್ ಬೇಡ. ಹಕ್ಕಿ ಹಿಕ್ಕೆ ಬಿದ್ದರೆ ಸಂಜೆವರೆಗೆ ಬಿಡಬಾರದು, ನೀರಲ್ಲಿ ನೆನೆಸಿ ಮೆಲ್ಲಗೆ ತೆಗೆಯಬೇಕು, ಒಣಗಿದ್ದನ್ನು ಕೆರೆಯಬಾರದು. ಪೆಟ್ರೋಲ್ ಚೆಲ್ಲಿದರೂ ಅಷ್ಟೇ. ಮರದ ಕೆಳಗೆ ನಿಲ್ಲಿಸಬಾರದು. ಬೆಂಗಳೂರಿನಲ್ಲಿ ಮರದ ಕೆಳಗೆ ನಿಲ್ಲಿಸಬೇಡಿ ಅಂದರೆ ಎಲ್ಲಿ ನಿಲ್ಲಿಸೋದು ಅಂತ ಕೇಳಿದೆ. ಅವನೂ ನಕ್ಕ.

ಇದರಲ್ಲಿ ಕಷ್ಟವಾಗಿದ್ದು ನಮ್ಮ ಬೀದಿಯಲ್ಲಿ ಬೆಳಗ್ಗೆ ಐದೂವರೆಗೆ ಕಾರ್ ಒರೆಸುವ ಹುಡುಗನಿಗೆ ಹೇಳುವುದು. ಒಂದೇ ಬಕೆಟ್ ನೀರು, ಒಂದೇ ಬಟ್ಟೆ, ಇಪ್ಪತ್ತು ಕಾರು. ಮೊದಲ ಕಾರಿನ ಮಣ್ಣು ಇಪ್ಪತ್ತನೇ ಕಾರಿಗೆ ಸ್ಯಾಂಡ್ ಪೇಪರ್. ನನ್ನದು ಹದಿನೇಳನೆಯದು. "ಒಂದು ತಿಂಗಳು ನನ್ನ ಕಾರ್ ಮುಟ್ಟಬೇಡಪ್ಪ" ಅಂದ ಕೂಡಲೇ ಅವನ ಮುಖ ಸಣ್ಣದಾಯಿತು. "ಏನ್ ತಪ್ಪಾಯ್ತಣ್ಣ?" ಅಂದ. ತಿಂಗಳ ದುಡ್ಡು ಮುಂಚೆಯೇ ಕೈಗಿಟ್ಟ ಮೇಲೆ ಸಮಾಧಾನ ಆಯಿತು. ಆದರೂ ದಿನಾ ಬೆಳಗ್ಗೆ ಕಾರಿನ ಮುಂದೆ ಒಂದು ಕ್ಷಣ ನಿಂತು ಹೋಗುತ್ತಾನೆ.

ಹಬ್ಬ ಬಂದಾಗ ಪೇಂಟಿಗೆ ಹನ್ನೆರಡು ದಿನ. ಒದ್ದೆ ಕುಂಕುಮ, ಅರಿಶಿನ ಹಸಿ ಪೇಂಟಿನ ಮೇಲೆ ಕೂತರೆ ಕಲೆ ಬಿಡುತ್ತದೆ. ಬಾಳೆಕಂದಿಗೆ ಕಟ್ಟುವ ಹುರಿ ಗಾಳಿಗೆ ಉಜ್ಜಿ ಉಜ್ಜಿ ಗೀರು ಹಾಕುತ್ತದೆ. ಇದನ್ನೆಲ್ಲ ಹೇಳಿದರೆ ಅಮ್ಮ ಕೇಳುತ್ತಾರಾ?

"ದೇವರ ಕುಂಕುಮ ನಿನ್ನ ಕಾರ್ ತಿನ್ನತ್ತೇನೋ?" ಅಂದರು.

ಆಗ ಹೊಳೆಯಿತು. "ಅಮ್ಮ, ನೀನು ಸಂಡಿಗೆ ಇಡ್ತೀಯಲ್ಲ, ಸಂಜೆ ಹೊತ್ತಿಗೆ ಮೇಲೆ ಒಣಗಿರತ್ತೆ. ಅವತ್ತೇ ಡಬ್ಬಕ್ಕೆ ತುಂಬ್ತೀಯಾ?"

ಅಮ್ಮ ಒಂದು ಸಲ ಬಾಗಿಲು ನೋಡಿದರು, ಒಂದು ಸಲ ನನ್ನ ನೋಡಿದರು. "ಒಳಗೆ ಹಸಿ ಇದ್ಯಾ ಹಾಗಾದ್ರೆ?" ಅಂದರು. ಇದೇ ಪ್ರಶ್ನೆಯನ್ನು ಬಾಡಿ ಶಾಪಿನಲ್ಲಿ ಕೇಳಲು ನನಗೆ ಹೊಳೆದಿರಲಿಲ್ಲ.

ವಿಭೂತಿ ಪಟ್ಟೆ ಗಾಜಿನ ಮೇಲೆ ಬಿತ್ತು. ಕುಂಕುಮ ನಂಬರ್ ಪ್ಲೇಟಿಗೆ. ಬಾಳೆಕಂದು ಗೇಟಿಗೆ ಕಟ್ಟಿದೆವು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು, ಅದಕ್ಕೆ ನನ್ನದೇನೂ ತಕರಾರಿಲ್ಲ. ಅಂಕಲ್ ಕುಂಬಳಕಾಯಿಯನ್ನು ಸ್ವಲ್ಪ ದೂರ ಹೋಗಿ ಒಡೆದರು, ಪುಣ್ಯಾತ್ಮರು.

ನಾನು ಕಾರು ಮುಂದೆ ತೆಗೆದು ನಿಂಬೆಹಣ್ಣು ಪಚ್ ಅನ್ನಿಸಿ ಇಳಿದು ಬಂದು ನೋಡಿದರೆ, ಎಡಗಡೆ ಬಾಗಿಲಿನ ಹಿಡಿಯ ಕೆಳಗೆ ಒಂದು ಸಣ್ಣ ಬೊಟ್ಟು. ಯಾವಾಗ ಇಟ್ಟರೋ ಗೊತ್ತಿಲ್ಲ. "ಪೆಟ್ಟು ತಿಂದಿರೋದು ಅದೇ ಅಲ್ವಾ" ಅಂದರು ಅಮ್ಮ. ತಕ್ಷಣ ನೀರು ಹಾಕಿ ತೆಗೆದೆ. ಆದರೂ ಹತ್ತಿರ ಹೋಗಿ ನೋಡಿದರೆ ತಿಳಿ ಗುಲಾಬಿ ಬಣ್ಣದ ಗುರುತು ಒಂದು ಉಳಿದಿದೆ. ಎರಡು ತಿಂಗಳು ತುಂಬಿದ ಮೇಲೆ ಪಾಲಿಶ್ ಮಾಡಿಸಬೇಕು. ಮಾಡಿಸಿದರೆ ಅಮ್ಮನಿಗೆ ಗೊತ್ತಾಗದ ಹಾಗೆ ಮಾಡಿಸಬೇಕು.