ಮುಂದಿನ 3 ಗಂಟೆ, ನಾಳೆ 11ಕ್ಕೆ

ಮೋಡ ಎಲ್ಲಿದೆ, ಯಾವ ಕಡೆ ಹೊರಟಿದೆ, ಒಳಗೆ ಆಲಿಕಲ್ಲು ಇರಬಹುದಾ ಎಂದು ಡಾಪ್ಲರ್ ರೇಡಾರ್ ಸುಮಾರು 10 ನಿಮಿಷಕ್ಕೊಮ್ಮೆ ಹೊಸದಾಗಿ ಹೇಳುತ್ತದೆ. ಅದನ್ನು ನೋಡಿಕೊಂಡೇ ಹವಾಮಾನ ಇಲಾಖೆ ಮುಂದಿನ 3 ಗಂಟೆಯ ಮುನ್ಸೂಚನೆ ಕೊಡುವುದು. ಇಲ್ಲಿಗೆ ವಿಜ್ಞಾನ ಮುಗಿಯಿತು. ಮುಂದಿನದು ಆಡಳಿತ.

ಆ ಎಚ್ಚರಿಕೆ ರಾಯಚೂರು ಕಡೆಯ ಯಾವುದೋ ಒಂದು ಕಚೇರಿಗೆ ಸಂಜೆ ನಾಲ್ಕಕ್ಕೆ ಬಂತು ಅಂದುಕೊಳ್ಳಿ. ಸುಮ್ನೆ ಹಾಗೇ ಮುಂದಕ್ಕೆ ಕಳಿಸಲು ಅದೇನು ಗುಡ್ ಮಾರ್ನಿಂಗ್ ಮೆಸೇಜಾ? ಮೊದಲು ಪ್ರಿಂಟ್ ತೆಗೆಯಬೇಕು. ಕಡತ ಸಂಖ್ಯೆ ಹಾಕಬೇಕು. 'ಉಲ್ಲೇಖ' ಬರೆಯಬೇಕು. ಉಲ್ಲೇಖವೇ ಇಲ್ಲದ ಸಿಡಿಲಿಗೆ ಯಾರು ಹೆದರುತ್ತಾರೆ? ಸಹಿ ಮಾಡಬೇಕಾದ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ವಿಷಯ: ವಿಪತ್ತು ನಿರ್ವಹಣೆ. ಕೊನೆಗೆ ಸಹಿ, ಸೀಲು ಎರಡೂ ಬಿದ್ದವು ಎನ್ನಿ, ಸ್ಕ್ಯಾನ್ ಮಾಡಲು ಕರೆಂಟ್ ಇಲ್ಲ. ಅಷ್ಟರಲ್ಲಿ ಗಾಳಿಗೆ ಕಂಬ ಬಿದ್ದಿದೆ.

ಮರುದಿನ 11ಕ್ಕೆ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಬರುತ್ತದೆ. ಮೇಲೆ 'ಅತಿ ಜರೂರು' ಎಂಬ ಕೆಂಪು ಮುದ್ರೆ. ಒಳಗೆ, 'ಮುಂದಿನ 3 ಗಂಟೆಗಳಲ್ಲಿ ಜಿಲ್ಲೆಯ ಒಂದೆರಡು ಕಡೆ ಬಿರುಗಾಳಿ ಸಹಿತ ಮಳೆ.' ಹೊರಗೆ ಬೆಂಕಿಯಂಥ ಬಿಸಿಲು. ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಹಮಾಲರು ನೆನೆದ ನೆಲ್ಲಿನ ರಾಶಿ ಹರವುತ್ತಿದ್ದಾರೆ. "ಮಳಿ ನಿನ್ನೇನೇ ಬಂದು ಹೋತಲ್ರಿ ಸಾಹೇಬ್ರ" ಎಂದು ಒಬ್ಬರು ಗ್ರೂಪಿನಲ್ಲಿ ಹಾಕಿದರೆ ಅವರ ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ಮಧ್ಯಾಹ್ನದೊಳಗೆ 'ಎಚ್ಚರಿಕೆ ತಲುಪಿದೆ: ಹೌದು' ಎಂದು ಅನುಪಾಲನಾ ವರದಿ ಹೋಗುತ್ತದೆ. ಯಾವಾಗ ತಲುಪಿತು ಎಂಬ ಕಾಲಂ ಅದರಲ್ಲಿಲ್ಲ.

ರೇಡಾರ್‌ಗೂ ಅದರದೇ ಕಷ್ಟ ಇದೆ, ಇಲ್ಲ ಎನ್ನಲ್ಲ. ಹೈದರಾಬಾದಿನ ರೇಡಾರ್ ನಮಗೆ ನೇರ ಲೆಕ್ಕದಲ್ಲಿ ಸುಮಾರು 180 ಕಿ.ಮೀ. ದೂರ. ಭೂಮಿ ಗುಂಡಗಿರುವುದರಿಂದ ಅದರ ಕಿರಣ ರಾಯಚೂರಿಗೆ ಬರುವಷ್ಟರಲ್ಲಿ ನೆಲದಿಂದ 3 ಕಿ.ಮೀ.ಗೂ ಮೇಲಿರುತ್ತದೆ. ಮೋಡದ ತಲೆ ಕಾಣುತ್ತದೆ, ಕೆಳಗೆ ತಾಡಪತ್ರಿ ಕಿತ್ತೊಯ್ಯುವ ಗಾಳಿ ಕಾಣಲ್ಲ. ಹತ್ತಿರದಲ್ಲೊಂದು ರೇಡಾರ್ ಬೇಕು, ಅಲ್ವಾ? ರೇಡಾರ್‌ಗಳನ್ನು ಹೆಚ್ಚಿಸುವುದೂ ಸೇರಿದ ಮಿಷನ್ ಮೌಸಮ್ ಎಂಬ ಹವಾಮಾನ ಯೋಜನೆಗೆ ಕೇಂದ್ರ 2024ರಲ್ಲಿ 2,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಒಳ್ಳೆಯದೇ. 10 ನಿಮಿಷದ ಚಿತ್ರ 5 ನಿಮಿಷಕ್ಕೇ ಸಿಗುವಂತಾದರೆ ನಮ್ಮ ಪಿಡಿಎಫ್ ಬೆಳಿಗ್ಗೆ 10.55ಕ್ಕೇ ಬಂದುಬಿಡುತ್ತದೆ.

ಹಾಗಂತ ನಮ್ಮಲ್ಲಿ ಥಟ್ಟನೆ ಕೆಲಸ ಮಾಡುವ ಯಂತ್ರವೇ ಇಲ್ಲ ಅನ್ನಬೇಡಿ. ಖರೀದಿ ಕೇಂದ್ರದಲ್ಲಿ ತೇವಾಂಶ ಅಳೆಯುವ ಪುಟ್ಟ ಡಬ್ಬಿ ಇದೆ. ನೆನೆದ ನೆಲ್ಲನ್ನು ಒಂದು ಹಿಡಿ ಹಾಕಿದರೆ ಸಾಕು, ಸಹಿ, ಸೀಲು, ಉಲ್ಲೇಖ ಏನೂ ಕೇಳಲ್ಲ. ಕರೆಂಟ್ ಹೋದರೂ ಸೆಲ್ ಮೇಲೆ ನಡೆಯುತ್ತದೆ. ತೇವಾಂಶ ಶೇ 17 ದಾಟಿದೆ, ವಾಪಸ್ ಒಯ್ಯಿರಿ ಎಂದು ನಿಮಿಷದೊಳಗೆ ಹೇಳಿಬಿಡುತ್ತದೆ.