ಟಿಕೆಟ್ ಇಲ್ಲದ ಆಟ ಮತ್ತು ಮುಂದಿನ ಸಾಲಿನ ಸೋಫಾ

ಶಾಸ್ತ್ರೀಯ ರಂಗಕಲೆಯನ್ನು ಉಚಿತವಾಗಿ ಜನರ ಬಳಿಗೆ ಒಯ್ಯಬೇಕು ಎಂಬ ಭಾಷಣ ಕೇಳಿದಾಗಲೆಲ್ಲ ಕರಾವಳಿಯಲ್ಲಿ ಬೆಳೆದ ನನಗೆ ಸಣ್ಣ ನಗು ಬರುತ್ತದೆ. (ಯಕ್ಷಗಾನ ಶಾಸ್ತ್ರೀಯವೋ ಜಾನಪದವೋ ಎಂಬ ಜಗಳ ಪಂಡಿತರಿಗಿರಲಿ.) ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಡುವ ಕಟೀಲು, ಮಂದಾರ್ತಿ, ಧರ್ಮಸ್ಥಳದಂಥ ಕ್ಷೇತ್ರಗಳ ಮೇಳಗಳು (ಯಕ್ಷಗಾನ ತಂಡಗಳು), ಹೆಚ್ಚುಕಡಿಮೆ ಮೇ ಕೊನೆಯ ಪತ್ತನಾಜೆಯವರೆಗೆ, ಕೊಯ್ಲು ಮುಗಿದ ಗದ್ದೆಯಲ್ಲೋ ಮನೆಯಂಗಳದಲ್ಲೋ ಆಡುವ ಹರಕೆ ಆಟಕ್ಕೆ, ಅಂದರೆ ಹರಕೆ ತೀರಿಸಲು ಆಡಿಸುವ ಯಕ್ಷಗಾನಕ್ಕೆ, ಯಾರೂ ಟಿಕೆಟ್ ಕೇಳುವುದಿಲ್ಲ. ಖರ್ಚು ಹರಕೆ ಹೊತ್ತವರದು. ಬಂದವರಿಗೆ ಊಟವೂ ಅವರದೇ.

‘ದೇವಿ ಮಹಾತ್ಮೆ’ ಪ್ರಸಂಗದಲ್ಲಿ ಮಹಿಷಾಸುರ ವೇಷ ಕಟ್ಟುವ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಪ್ರೇಕ್ಷಕರ ಬೆನ್ನ ಹಿಂದೆ ಎಲ್ಲೋ ಕತ್ತಲಲ್ಲಿ ದೊಂದಿಗಳು ಹೊತ್ತಿಕೊಳ್ಳುತ್ತವೆ, ರಾಳ ಎರಚಿದಾಗ ಬೆಂಕಿ ಭುಗಿಲೇಳುತ್ತದೆ, ಚಂಡೆಯ ಅಬ್ಬರಕ್ಕೆ ನಿದ್ದೆಯಿಂದೆದ್ದ ಮಕ್ಕಳು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ ಒಂದೇ ಕಣ್ಣಿನಿಂದ ನೋಡುತ್ತಿರುವಾಗ ಆ ಕೋಡಿನ ವೇಷ ಚಾಪೆಗಳ ನಡುವೆಯೇ ಹಾದುಹೋಗುತ್ತದೆ. ನಾನೂ ಹಾಗೆಯೇ ಕಲೆಯನ್ನು ಕಂಡವನು.

ಕೆಲವು ವರ್ಷಗಳ ಹಿಂದೆ ಪಟ್ಟಣದ ಸಭಾಂಗಣವೊಂದರಲ್ಲಿ ‘ಉಚಿತ ಪ್ರವೇಶ’ ಎಂದಿದ್ದ ಆಟಕ್ಕೆ ಚಿಕ್ಕಮ್ಮನನ್ನು ಕರೆದೊಯ್ದಿದ್ದೆ. ಮುಂದಿನ ಸಾಲುಗಳಲ್ಲಿ ಬಿಳಿ ಬಟ್ಟೆ ಹೊದಿಸಿದ ಸೋಫಾಗಳು ಗಣ್ಯರಿಗಾಗಿ ಕಾಯುತ್ತಿದ್ದವು. ಹಾರ, ಶಾಲು, ಸ್ಮರಣಿಕೆಗಳು ಮುಗಿದು ನಮ್ಮೂರಿನ ಕೊನೆಯ ಬಸ್ಸಿನ ಹೊತ್ತಾದರೂ ಭಾಗವತರು ಒಂದು ಪದ್ಯ ಎತ್ತಿರಲಿಲ್ಲ. “ಇದು ಆಟವಾ, ಸನ್ಮಾನವಾ ಮಾರಾಯ?” ಎಂದು ಚಿಕ್ಕಮ್ಮ ಎದ್ದೇಬಿಟ್ಟರು. ಟಿಕೆಟ್ ತೆಗೆದುಹಾಕುವುದು ಸುಲಭ. ಬಸ್ಸಿನ ವೇಳೆಯನ್ನು ನೆನಪಿಟ್ಟುಕೊಳ್ಳುವವರು ಕಡಿಮೆ.

ಹಾಗೆಂದು ಹರಕೆ ಆಟದಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಹಣ ಕೊಡುವ ಮನೆಯವರ ಇಷ್ಟದಂತೆ ಪ್ರಸಂಗ ನಡೆಯುವುದರಿಂದ ಕಟೀಲಿನ ಆಟವೆಂದರೆ ಬಹುಪಾಲು ‘ದೇವಿ ಮಹಾತ್ಮೆ’ಯೇ ಆಗಿದೆ. ಕುಂಬಳೆಯ ಪಾರ್ತಿಸುಬ್ಬ ಬರೆದ ರಾಮಾಯಣದ ಪ್ರಸಂಗಗಳನ್ನು, ಮಹಾಭಾರತದ ‘ಕರ್ಣಪರ್ವ’ವನ್ನು ಬಿಟ್ಟಿಯಾಗಿ ನೋಡುವ ಭಾಗ್ಯ ಹಳ್ಳಿಯವರಿಗೆ ಅಪರೂಪ. ರಾತ್ರಿ 10ರ ನಂತರದ ಧ್ವನಿವರ್ಧಕ ನಿರ್ಬಂಧದಿಂದಾಗಿ ಕಟೀಲು ಮೇಳಗಳು 2022ರಲ್ಲಿ ಇಡೀ ರಾತ್ರಿಯ ಆಟ ಬಿಟ್ಟು ಕೆಲವೇ ಗಂಟೆಗಳ ಕಾಲಮಿತಿಗೆ ಬಂದಾಗ ಬೆಳಗಿನ ಜಾವದ ವೇಷಗಳ ಸೊಗಸು ಹೋಯಿತೆಂದು ನನಗೂ ಬೇಸರವಾಗಿತ್ತು. ಆದರೆ ಬೆಳಗೆದ್ದು ಬೀಡಿ ಕಟ್ಟಲು ಕೂರಬೇಕಾದ ಹೆಂಗಸರು, 2024ರಲ್ಲಿ ಮೇಳಗಳು ಮತ್ತೆ ಇಡೀ ರಾತ್ರಿಯ ಆಟಕ್ಕೆ ಮರಳುವವರೆಗೆ, ಕೊನೆಯ ಮಂಗಳದವರೆಗೂ ಕೂತು ನೋಡುತ್ತಿದ್ದುದನ್ನು ಕಂಡ ಮೇಲೆ ಆ ದೂರನ್ನು ಹಿಂದೆಗೆದುಕೊಂಡೆ.

ನಮ್ಮಲ್ಲಿ ಹತ್ತು ಸಮಸ್ತರ ಆಟವೆಂಬ ಕ್ರಮವೂ ಇದೆ: ಒಂದು ಮನೆಯ ಹರಕೆಯಲ್ಲ, ಊರವರೆಲ್ಲ ಕೈಲಾದಷ್ಟು ಹಾಕಿ ಆಡಿಸುವ ಆಟ. ಸರಕಾರವೂ ಅಕಾಡೆಮಿಗಳೂ ರಾಜಧಾನಿಯ ಉತ್ಸವಗಳಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಇಂಥ ಆಟಗಳಿಗೆ ಕೊಟ್ಟು, ಪ್ರಸಂಗದ ಆಯ್ಕೆಯನ್ನು ಊರಿಗೇ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಕಲಾವಿದರ ಸಂಭಾವನೆಯಲ್ಲಿ ಚೌಕಾಸಿ ಮಾಡಿ ಆಟವನ್ನು ಉಚಿತಗೊಳಿಸುವುದಾದರೆ ಅದಕ್ಕಿಂತ ಟಿಕೆಟ್ ಇಡುವುದೇ ಲೇಸು.

ಮುಂದಿನ ತಿರುಗಾಟದಲ್ಲಿ ನಮ್ಮೂರ ಶಾಲೆಯ ಮೈದಾನದಲ್ಲಿ ‘ಕರ್ಣಪರ್ವ’ ಆಡಿಸುವ ಮಾತುಕತೆ ನಡೆದಿದೆ. ಮುಂದಿನ ಸಾಲಿನಲ್ಲಿ ಚಾಪೆ ಹಾಸುವುದೆಂದು ಎಲ್ಲರೂ ಒಪ್ಪಿದ್ದಾರೆ. ಸನ್ಮಾನದ ವಿಷಯದಲ್ಲಿ ಮಾತ್ರ ಇನ್ನೂ ಚರ್ಚೆ ಮುಗಿದಿಲ್ಲ.