ಹಚ್ಚಿ ನೋಡಿಲ್ರಿ, ಆದ್ರ ಚಾಲೂ ಐತಿ

ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ ಮುಳಗಾಯಿ ಕೊಳ್ಳುವವನನ್ನು ಒಮ್ಮೆ ನಿಂತು ನೋಡಬೇಕು. ಒಂದೊಂದು ಕಾಯಿಯನ್ನೂ ಹೊರಳಿಸಿ, ತೊಟ್ಟು ಹಿಚುಕಿ, ಹುಳದ ತೂತು ಹುಡುಕಿ, ಕಾಲು ಕಿಲೋಕ್ಕೆ ಹತ್ತು ನಿಮಿಷ ವಾದ ಮಾಡಿ, ಕೊನೆಗೆ ಎರಡು ಹಸಿಮೆಣಸಿನಕಾಯಿ ಪುಕ್ಕಟೆ ಹಾಕಿಸಿಕೊಂಡೇ ಹೊರಡುತ್ತಾನೆ. ಅದೇ ಮನುಷ್ಯ ನಲವತ್ತು ವರ್ಷ ಹಳೆಯ ಹೋಮ್ ಕಂಪ್ಯೂಟರಿನ ಎದುರು ನಿಂತರೆ ಬಾಯಿಗೆ ಬೀಗ. ಕೇಳುವುದು ಒಂದೇ ಮಾತು: “ಸ್ಕ್ಯಾನರ್ ಎಲ್ಲೈತ್ರಿ?”

ಒಂದು ಕಾಲಕ್ಕೆ ಗುಜರಿಯವನು ಪ್ಲಾಸ್ಟಿಕ್ ಬುಟ್ಟಿ ಕೊಟ್ಟು, ತಕ್ಕಡಿಗೆ ಹಾಕಿ ಒಯ್ದ ಸಾಮಾನು ಈಗ ಗ್ರಾಂ ಲೆಕ್ಕದ ರೇಟಿನಲ್ಲಿ ಅವಳಿ ನಗರಕ್ಕೆ ವಾಪಸ್ ಬರುತ್ತಿದೆ. ಬರುವಾಗ ತನ್ನದೇ ಒಂದು ಭಾಷೆಯನ್ನೂ ಕಟ್ಟಿಕೊಂಡು ಬಂದಿದೆ. ‘ರೇರ್’ ಅಂದರೆ ಮಾರುವವನು ಇಂಥದ್ದನ್ನು ಇನ್ನೊಂದು ಕಡೆ ನೋಡಿಲ್ಲ. ‘ಕಲೆಕ್ಟರ್ ಪೀಸ್’ ಅಂದರೆ ಡಿಸಿ ಆಫೀಸಿನಿಂದ ಬಂದದ್ದಲ್ಲ, ಹತ್ತುವುದಿಲ್ಲ ಎಂದರ್ಥ. ‘ಹಚ್ಚಿ ನೋಡಿಲ್ಲ’ ಅಂದರೆ ಹಚ್ಚಿ ನೋಡಿದ್ದಾರೆ, ಹೊಗೆ ಬಂದಿದೆ, ಕಿಟಕಿ ತೆಗೆದು ಹೊಗೆ ಹೊರಗೆ ಹಾಕಿ ಆಮೇಲೆ ಫೋಟೋ ತೆಗೆದಿದ್ದಾರೆ. ವಿದ್ಯಾನಗರದ ಯಾವುದೋ ಅಟ್ಟದ ಕೆಳಗೆ ನಿಂತು ಈ ಭಾಷೆಯನ್ನು ಕಿವಿಯಾರೆ ಕೇಳಬಹುದು.

“ಕಾಕಾ, ಇದು ಚಾಲೂ ಐತೇನ್ರಿ?”

“ಇಟ್ಟಾಗ ಚಾಲೂ ಇತ್ತು ತಮ್ಮಾ.”

“ಯಾವಾಗ ಇಟ್ಟಿದ್ರಿ?”

“ಹುಬ್ಬಳ್ಳಿಗೆ ಮೀಟರ್ ಗೇಜ್ ರೈಲು ಬರತಿತ್ತು ನೋಡು, ಆವಾಗ. ನಮ್ಮ ಅಳಿಯಾ ಲಂಡನ್ನಿಂದ ತಂದಿದ್ದ.”

“ಒಮ್ಮೆ ಹಚ್ಚಿ ತೋರಸ್ರಲ್ಲ.”

“ಹಚ್ಚೂದು ಬ್ಯಾಡೋ. ಹಳೇ ಸಾಮಾನು, ಹಚ್ಚಿದ್ರ ಕೆಟ್ಟ ಗಿಟ್ಟೀತು.”

ಕೊನೆಯ ಮಾತಿಗೆ ನಗಬಾರದು. ಇಡೀ ವ್ಯವಹಾರದಲ್ಲಿ ಕಾಕಾ ಆಡಿದ ಖರೇ ಮಾತು ಅದೊಂದೇ, ಅದೂ ಅವರಿಗೆ ಗೊತ್ತಿಲ್ಲದಂತೆ.

ಪೆಟ್ಟಿಗೆಯಲ್ಲಿರುವುದು ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹೋಮ್ ಕಂಪ್ಯೂಟರು. 1982ರ ಇಂಗ್ಲೆಂಡಿನ ಮಾಲು, ಝಡ್80 ಪ್ರೊಸೆಸರ್, 48 ಕೆ ಮೆಮರಿ. ಅದಕ್ಕೆ ಬೇಕಾದದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್. ಮೂಲ ಅಡಾಪ್ಟರು ಕಾಕಾ ಮನೆಯಲ್ಲಿ ಎಂದೋ ಕಳೆದುಹೋಗಿದೆ. “ಯಾವದರ ಹಾಕೋ, 9 ವೋಲ್ಟ್ ಅಂದ್ರ 9 ವೋಲ್ಟ್” ಎಂಬುದು ಅವರ ವಿದ್ಯುತ್ ಶಾಸ್ತ್ರ. ಆದರೆ ಸ್ಪೆಕ್ಟ್ರಮ್ಮಿನ ಪಿನ್ನಿಗೆ ನಡುವೆ ಮೈನಸ್, ಹೊರಗಿನ ಬಳೆಗೆ ಪ್ಲಸ್. ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರು ಸಾಮಾನ್ಯವಾಗಿ ಇದರ ಪೂರಾ ಉಲ್ಟಾ. ಹಳೆಯ ಕ್ಯಾಸಿಯೋ ಕೀಬೋರ್ಡಿನ ಅಡಾಪ್ಟರಿಗೆ ನಡುವೆ ಮೈನಸ್ ಇರುತ್ತದೆ ನಿಜ, ಆದರೆ ಅದರ 850 ಮಿಲಿ ಆಂಪಿಯರಿಗೆ ಸ್ಪೆಕ್ಟ್ರಮ್ಮಿನ ಹೊಟ್ಟೆ ತುಂಬುವುದಿಲ್ಲ. ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ: ಮಲ್ಟಿಮೀಟರಿನ ಕೆಂಪು ಕಡ್ಡಿ ಪಿನ್ನಿನ ತೂತಿನೊಳಗೆ, ಕರಿ ಕಡ್ಡಿ ಹೊರಗೆ. ಅಂಕಿಯ ಎಡಕ್ಕೆ ಮೈನಸ್ ಕಂಡರೆ ಮಾತ್ರ ಸಿಕ್ಕಿಸಬೇಕು. ಮೂಲ ಅಡಾಪ್ಟರು ಸಿಕ್ಕು, ಲೋಡ್ ಇಲ್ಲದೆ ಅಳೆದಾಗ 12-13 ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಅದರೊಳಗೆ ವೋಲ್ಟೇಜನ್ನು ಒಂದೇ ಮಟ್ಟಕ್ಕೆ ಹಿಡಿದಿಡುವ ರೆಗ್ಯುಲೇಟರ್ ಇಲ್ಲ, ಭಾರ ಬಿದ್ದ ಮೇಲೆ ಇಳಿಯುತ್ತದೆ.

ಉಲ್ಟಾ ಸಿಕ್ಕಿಸಿದರೆ ಏನಾಗುತ್ತದೆ? ಒಳಗಿನ 4116 ಮೆಮರಿ ಚಿಪ್ಪುಗಳು ಹಳೇ ಕಾಲದ ಅಳಿಯಂದಿರ ಹಾಗೆ; ಒಂದೇ ಉಪಚಾರಕ್ಕೆ ತೃಪ್ತಿಯಿಲ್ಲ. ಪ್ಲಸ್ 12, ಪ್ಲಸ್ 5, ಮೈನಸ್ 5 ಮೂರೂ ಬೇಕು. ಮೂರರಲ್ಲಿ ಮೈನಸ್ 5 ತಪ್ಪಿ 12 ಉಳಿದರೆ ಚಿಪ್ಪುಗಳು ಸಾಲಾಗಿ ಮಲಗುತ್ತವೆ. ಈ ವೋಲ್ಟೇಜುಗಳನ್ನು ಹುಟ್ಟಿಸುವ ಕೆಲಸದಲ್ಲಿರುವ ಟಿಆರ್4 ಎಂಬ ಪುಟ್ಟ ಟ್ರಾನ್ಸಿಸ್ಟರು ಉಲ್ಟಾ ಕರೆಂಟಿಗೆ ಮೊದಲ ಬಲಿ. ಪರದೆಯ ಮೇಲೆ 1982ರ ಸಿಂಕ್ಲೇರ್ ಸಾಲು ಬರುವ ಬದಲು ಪಟ್ಟೆಪಟ್ಟೆ ಬಂದರೆ 4116ರ 1ನೇ ಕಾಲಲ್ಲಿ ಮೈನಸ್ 5, 8ನೇ ಕಾಲಲ್ಲಿ 12, 9ನೇ ಕಾಲಲ್ಲಿ 5 ಇದೆಯೇ ಎಂದು ಮೊದಲು ಅಳೆಯಬೇಕು. ನೆಲ, ಅಂದರೆ ಗ್ರೌಂಡು, 16ನೇ ಕಾಲು. ಅಳೆಯುವವರು ಎಲ್ಲಿದ್ದಾರೆ? ಪಟ್ಟೆ ಕಂಡ ಕೂಡಲೇ ಫೋಟೋ ಹೊಡೆದು ‘ಗ್ರಾಫಿಕ್ಸ್ ಭಾರಿ ಅದಾವ’ ಎಂದು ಮರುಮಾರಾಟಕ್ಕಿಡುವವರೇ ಹೆಚ್ಚು.

ಅಳಿಯ ಲಂಡನ್ ಬಿಟ್ಟು ಅಮೇರಿಕಾಕ್ಕೆ ಹೋಗಿದ್ದರೆ ಕಥೆ ಇನ್ನೂ ರುಚಿ. ಅಲ್ಲಿಂದ ಬರುವುದು ಕಮೋಡೋರ್ 64, ಅದರ ಇಟ್ಟಂಗಿಯಂಥ ಅಡಾಪ್ಟರಿನ ಸಮೇತ. ಆ ಇಟ್ಟಂಗಿ ಹುಟ್ಟಿದ್ದು ಅಲ್ಲಿಯ 110-120 ವೋಲ್ಟಿಗೆ. ನಮ್ಮ ಗೋಡೆಯ 230ಕ್ಕೆ ನೇರ ಸಿಕ್ಕಿಸಿದರೆ ಮಕ್ಕಳಿಗೆ ದೀಪಾವಳಿ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಹಾಕಿದರೂ ಒಳಗೆ ಇನ್ನೊಬ್ಬ ಯಮನಿದ್ದಾನೆ. ಎಪಾಕ್ಸಿ ಸುರಿದು ಗಟ್ಟಿ ಮಾಡಿದ ಆ ಡಬ್ಬಿಯಲ್ಲಿ 5 ವೋಲ್ಟಿನ ರೆಗ್ಯುಲೇಟರು ಕಾದು ಕಾದು ಒಂದು ದಿನ ಕೈಕೊಡುತ್ತದೆ. ಕೈಕೊಡುವಾಗ ಕೆಳಗಿಳಿಯುವುದಿಲ್ಲ, ಮೇಲೇರುತ್ತದೆ. 5ರ ಜಾಗದಲ್ಲಿ 6 ದಾಟಿತೋ, ಮೆಮರಿಯ ಜೊತೆಗೆ ಇನ್ನೂ ಕೆಲವು ಚಿಪ್ಪುಗಳು ಕೈಲಾಸಕ್ಕೆ. ಹೀಗಾಗಿ ಕಂಪ್ಯೂಟರಿಗೆ ಸಿಕ್ಕಿಸುವ ಮೊದಲು ಅಡಾಪ್ಟರಿನ ಏಳು ಕಾಲಿನ ದುಂಡನೆಯ ಡಿನ್ ಪ್ಲಗ್ಗಿನಲ್ಲಿ 5ನೇ ಕಾಲು ಮತ್ತು 2ನೇ ಕಾಲಿನ ನಡುವೆ ಅಳೆಯಬೇಕು. 10 ಓಮ್, 10 ವ್ಯಾಟಿನ ಒಂದು ರೆಸಿಸ್ಟರ್ ಅಡ್ಡ ಹಾಕಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು. 4.75ರಿಂದ 5.25ರ ಒಳಗಿದ್ದರೆ ಸರಿ, ಇಲ್ಲದಿದ್ದರೆ ಆ ಇಟ್ಟಂಗಿಯನ್ನು ಬಾಗಿಲು ಬಡಿಯದಂತೆ ಆನಿಸಿಡಲು ಬಳಸಬಹುದು.

ಇದು ಖಾಸಗಿ ಅಟ್ಟಗಳ ಮಾತಾಯಿತು. ಸರ್ಕಾರಿ ಅಟ್ಟದ ಹೆಸರು ಡೆಡ್ ಸ್ಟಾಕ್ ರಿಜಿಸ್ಟರ್. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲು ‘ಕ್ಲಾಸ್’ ಎಂಬ ಯೋಜನೆ ತಂದಾಗ ಆರಿಸಿದ್ದು ಬಿಬಿಸಿ ಮೈಕ್ರೊ ಯಂತ್ರವನ್ನು. ಅಂಥದ್ದೊಂದು ಯಾವುದೇ ಶಾಲೆಯ ಕಪಾಟಿಗೆ ಒಮ್ಮೆ ಹೊಕ್ಕರೆ ಮುಗಿಯಿತು. ರಿಜಿಸ್ಟರಿನಲ್ಲಿ ನಂಬರ್ ಬಿದ್ದಿದೆ, ಅದಕ್ಕೆ ಒಗೆಯುವಂತಿಲ್ಲ. ಕೆಟ್ಟರೆ ಯಾರು ಕಟ್ಟಿಕೊಡುತ್ತಾರೆ, ಅದಕ್ಕೆ ಹಚ್ಚುವಂತಿಲ್ಲ. ಹರಾಜಿಗೆ ಕಮಿಟಿ ಕೂಡಬೇಕು, ಕಮಿಟಿಗೆ ಕೋರಂ ಇಲ್ಲ. ಹೊಸ ಹೆಡ್‌ಮಾಸ್ತರು ಚಾರ್ಜ್ ತಗೊಳ್ಳುವಾಗ ಬೀಗ ತೆಗೆದು, ‘ಕಂಪ್ಯೂಟರ್ ಒಂದು’ ಎಂದು ಎಣಿಸಿ, ಮತ್ತೆ ಬೀಗ ಹಾಕುತ್ತಾರೆ. ಯಂತ್ರ ಒಂದು ಅಕ್ಷರ ಕಲಿಸದೆಯೂ ಹಾಜರಿ ನೂರಕ್ಕೆ ನೂರು. ಹಿಂಗಿರುವ ನೌಕರನಿಗೆ ಇನ್ನೂ ನಿವೃತ್ತಿ ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲ.

ಯಾರೋ ಉತ್ಸಾಹಿ ಅದನ್ನು ಹಚ್ಚಿಯೇ ಬಿಟ್ಟ ಎನ್ನಿ. ಬಿಬಿಸಿ ಮೈಕ್ರೊ ಎದ್ದರೆ ಎರಡು ಸ್ವರ ಹಾಡುತ್ತದೆ, ಮೊದಲು ದಪ್ಪ, ಆಮೇಲೆ ಸಣ್ಣ. ಧಾರವಾಡದವರಿಗೆ ಸ್ವರ ಹೇಳಿಕೊಡಬೇಕಿಲ್ಲ: ಎರಡೂ ಬಂದರೆ ಗವಾಯಿ ಆರಾಮ, ಒಂದನ್ನೇ ಹಿಡಿದು ಬಿಡದಿದ್ದರೆ ಅದು ಆಲಾಪವಲ್ಲ, ಕಾಯಿಲೆ. ಎರಡೂ ಸ್ವರ ಬಂದು ಮೈಫಿಲು ರಂಗೇರುವ ಹೊತ್ತಿಗೆ ಎಡಗಡೆಯಿಂದ ದಟ್ಟ ಹೊಗೆ, ಮೀನು ಸುಟ್ಟಂಥ ನಾತ. ತಮಾಷೆಯೆಂದರೆ ಹೊಗೆ ಬರುತ್ತಿದ್ದರೂ ಯಂತ್ರ ಎಷ್ಟೋ ಸಲ ನಡೆಯುತ್ತಲೇ ಇರುತ್ತದೆ. ಪವರ್ ಸಪ್ಲೈ ಒಳಗಿನ ಕರೆಂಟಿನ ಗದ್ದಲ ಸೋಸುವ ಎರಡು ಫಿಲ್ಟರ್ ಕೆಪಾಸಿಟರುಗಳ ಕಥೆ ಇದು. ಕಾಗದ ಸುತ್ತಿ ಮಾಡಿದ ಅವುಗಳ ಪಾರದರ್ಶಕ ಕವಚ ವರ್ಷ ಕಳೆದಂತೆ ಬಿರುಕು ಬಿಟ್ಟು, ಮಳೆಗಾಲದ ತೇವ ಕುಡಿದು, ಕರೆಂಟು ತಾಗಿದಾಗ ಸ್ಫೋಟಿಸುತ್ತವೆ. ಬದಲಿಗೆ ಬೇಕಾದದ್ದು 0.1 ಮತ್ತು 0.01 ಮೈಕ್ರೊಫ್ಯಾರಡಿನ ಎರಡು ಎಕ್ಸ್2 ಜಾತಿಯ ಪಾಲಿಪ್ರೊಪಿಲೀನ್ ಕೆಪಾಸಿಟರು, 275 ವೋಲ್ಟ್ ಎಸಿಯವು. ಮಿರ್ಚಿ-ಗಿರ್ಮಿಟ್ ತಿನ್ನುವ ದುಡ್ಡಿನಲ್ಲಿ ಎರಡೂ ಬರುತ್ತವೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ತನಕ ಕೂತಿರುತ್ತದೆ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಬೇಕು. ಇಷ್ಟು ಮಾಡಿದರೆ ಯಂತ್ರ ಆರಾಮಾಗಿ ಬದುಕುತ್ತದೆ. ಆದರೆ ಹೊಗೆ ಕಂಡವರು ತೆಂಗಿನಕಾಯಿ ಒಡೆಸಿ, ಮತ್ತೆ ಕಪಾಟಿಗಿಟ್ಟು, ರಿಜಿಸ್ಟರಿನಲ್ಲಿ ‘ಸುಸ್ಥಿತಿ’ ಎಂದು ಬರೆಯುತ್ತಾರೆ.

ಒಳಗಿನ ರೋಗ ಯಾರಿಗೂ ಬೇಡ, ಮುಖ ಬೆಳ್ಳಗಿರಬೇಕು. ಹಳದಿಯಾದ ಪ್ಲಾಸ್ಟಿಕ್ಕನ್ನು ಬೆಳ್ಳಗೆ ಮಾಡುವುದು ಈ ಹವ್ಯಾಸದ ಬ್ಯೂಟಿ ಪಾರ್ಲರು, ಮಾತಿಗಲ್ಲ, ಖರೇನೇ. ಕೂದಲ ಬಣ್ಣಕ್ಕೆ ಬಳಸುವ 40 ವಾಲ್ಯೂಮಿನ ಡೆವಲಪರ್ ಕ್ರೀಮು, ಅಂದರೆ 12 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ಗ್ಲೌಸ್ ಹಾಕಿ ಸಮನಾಗಿ ಬಳಿದು, ಪಾರದರ್ಶಕ ಹಾಳೆ ಸುತ್ತಿ ಬಿಸಿಲಿಗಿಡಬೇಕು. ಗಂಟೆಗೊಮ್ಮೆ ಹಾಳೆ ಬಿಚ್ಚಿ ಮತ್ತೆ ಬಳಿದು ತಿರುಗಿಸದಿದ್ದರೆ ಅಲ್ಲಲ್ಲಿ ಬಿಳಿ ಗೆರೆ ಬಿದ್ದು ಚರ್ಮರೋಗ ಬಂದಂತೆ ಕಾಣುತ್ತದೆ. ಮೇ ತಿಂಗಳ ಗದುಗಿನ ಮಾಳಿಗೆಯ ಮೇಲೆ ಮರೆತು ಮಧ್ಯಾಹ್ನ ಮಲಗಿದರೆ ಬಣ್ಣದ ಜೊತೆ ಆಕಾರವೂ ಬದಲಾಗುತ್ತದೆ. ಹೀಗೆ ಬೆಳಗಿದ ಕಂಪ್ಯೂಟರುಗಳು ಬ್ಯಾಡಗಿ ಮೆಣಸಿನಕಾಯಿಯ ಜಾತಿ: ಬಣ್ಣ ಭರ್ಜರಿ, ಖಾರ ಕೇಳಬೇಡಿ. ಬ್ಯಾಡಗಿಯದಾದರೂ ಮಾರುವವರು ಬಣ್ಣಕ್ಕೇ ಬೆಲೆ ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ.

ಇನ್ನೊಂದು ಪಂಥದವರು ಕೆಪಾಸಿಟರ್ ಭಕ್ತರು. ಕಂಪ್ಯೂಟರಿಗೆ ನೆಗಡಿಯಾದರೂ ಔಷಧ ಒಂದೇ, ‘ಎಲ್ಲಾ ಕ್ಯಾಪ್ ಬದಲಸ್ರಿ’. ಸಾಕೆಟ್ಟಿನಲ್ಲಿ ಕೂತ ಚಿಪ್ಪನ್ನು ಮೆಲ್ಲಗೆ ಎಬ್ಬಿಸಿ ಮತ್ತೆ ಒತ್ತಿದ್ದರೆ ಸರಿಹೋಗುತ್ತಿದ್ದ ಬೋರ್ಡಿಗೆ 60 ವ್ಯಾಟಿನ ಕಬ್ಬಿಣದಂಥ ಸೋಲ್ಡರಿಂಗ್ ಐರನ್ ಇಟ್ಟು, ಕೆಪಾಸಿಟರಿನ ಜೊತೆಗೆ ತಾಮ್ರದ ಗೆರೆಯನ್ನೂ ಕಿತ್ತು ತೆಗೆಯುತ್ತಾರೆ. ಹೊಸದನ್ನು ಪ್ಲಸ್-ಮೈನಸ್ ಅದಲು ಬದಲಾಗಿ ಕೂಡಿಸಿ ಢಂ ಎನ್ನಿಸಿದಾಗ, “ನೋಡಿದ್ರಿಲ್ಲ, ಕ್ಯಾಪ್ ಕೆಟ್ಟಿದ್ವು ಅಂತ ಮೊದಲ ಹೇಳಿದ್ದೆ.”

ಚಿಪ್ಪುಗಳ ಬಜಾರೂ ಹಿಂದೆ ಬಿದ್ದಿಲ್ಲ. 1976ರಲ್ಲಿ ಬಂದ ಝಡ್80ಗೆ ಝೈಲಾಗ್ ಕಂಪನಿ 2024ರ ಜೂನ್ 14ಕ್ಕೆ ಕೊನೆಯ ಆರ್ಡರ್ ಎಂದು ಹೇಳಿದ್ದೇ ತಡ, ಡ್ರಾಯರಿನಲ್ಲಿ ಒಂದು ಚಿಪ್ಪಿದ್ದವನೂ ಸಾವಕಾರನಾದ. ಹಳೇ ಹೆಸರು ಕೆರೆದು ಮೇಲೆ ಹೊಸ ಹೆಸರು ಅಚ್ಚು ಹಾಕಿದ ಮಾಲೂ ತಿರುಗುತ್ತದೆ. ಹತ್ತಿಗೆ ಅಸಿಟೋನ್ ಹಚ್ಚಿ ತಲೆ ಒರೆಸಿದಾಗ ಕರಿ ಬಣ್ಣ ಬಿಟ್ಟಿತೋ, ಅದು ಕೂದಲಿಗೆ ಡೈ ಮಾಡಿಸಿಕೊಂಡ ಮುದುಕ.

ಎಲ್ಲಕ್ಕಿಂತ ದೊಡ್ಡ ಜೋಕು ವಯಸ್ಸಿನ ಲೆಕ್ಕದ್ದು. 2000ದ ನವೆಂಬರಿನಲ್ಲಿ ಬಂದ ಪೆಂಟಿಯಮ್ 4 ಡಬ್ಬಿ, ಉಬ್ಬಿದ ಕೆಪಾಸಿಟರುಗಳ ಸಮೇತ, ಈಗ ‘ವಿಂಟೇಜ್’. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಟಕ್‌ಟಕ್ ಸಪ್ಪಳದ ಟಿವಿಎಸ್ ಗೋಲ್ಡ್ ಕೀಬೋರ್ಡು ‘ಆ್ಯಂಟಿಕ್’. ಹಳೇ ರೇಡಿಯೋ-ಟಿವಿಗಳಲ್ಲಿ ‘ರೆಡ್ ಮರ್ಕ್ಯುರಿ’ ಎಂಬ ಲಕ್ಷಾಂತರ ಬೆಲೆಯ ದ್ರವವಿದೆ ಎಂಬ ಗಾಳಿಮಾತು ಕೇಳಿ ಮಾನಿಟರ್ ಒಡೆಯುವವರು ಇನ್ನೊಂದು ಕಡೆ. ಅಂಥ ದ್ರವ ಇಲ್ಲವೇ ಇಲ್ಲ. ಇರುವುದು ಪಿಕ್ಚರ್ ಟ್ಯೂಬಿನಲ್ಲಿ ಕೂತ ಸಾವಿರಾರು ವೋಲ್ಟು, ಮತ್ತು ಗಾಜು ಒಡೆದಾಗ ಮುಖಕ್ಕೆ ಸಿಡಿಯುವ ಚೂರು.

ಮತ್ತೆ ಕಾಕಾನ ಸ್ಪೆಕ್ಟ್ರಮ್ಮಿಗೆ ಬರೋಣ. ಹುಡುಗ ದುಡ್ಡು ಕೊಟ್ಟ, ಅಡಾಪ್ಟರ್ ಸರಿಯಾದದ್ದು ತಂದ, ಟಿಆರ್4 ಬದಲಿಸಿದ. ಸಿಗ್ನಲ್ಲು ಹೊರಡುವುದು ಯುಎಚ್‌ಎಫ್ 36ನೇ ಚಾನಲ್ಲಿಗೆ, ಗೋಡೆಯ ಮೇಲಿನ ಟಿವಿಗೆ ಅದನ್ನು ಹಿಡಿಯುವ ಮನಸ್ಸಿಲ್ಲ. ಚಿತ್ರವನ್ನು ಚಾನಲ್ಲಿಗೆ ಏರಿಸುವ ಮಾಡ್ಯುಲೇಟರಿನ ಡಬ್ಬಿ ತೆಗೆದು, ಟಿವಿಗೆ ಹೋಗುವ ತಂತಿ ಬಿಡಿಸಿ, ಚಾನಲ್ಲಿಗೆ ಏರದ ಕಾಂಪೋಸಿಟ್ ಎಂಬ ಚಿತ್ರದ ಸಿಗ್ನಲ್ಲನ್ನೇ ನೇರ ಸಾಕೆಟ್ಟಿಗೆ ಜೋಡಿಸಿದ. ಚಿತ್ರ ಬಂತು. ಆಟ ಕ್ಯಾಸೆಟ್ಟಿನಲ್ಲಿದೆ, ಕ್ಯಾಸೆಟ್ ಪ್ಲೇಯರಿನ ಬೆಲ್ಟು ಕರಗಿ ಬೆಲ್ಲದ ಪಾಕವಾಗಿದೆ. ಪರವಾಗಿಲ್ಲ, ಕ್ಯಾಸೆಟ್ಟಿನ ಸಪ್ಪಳವನ್ನು ಮೊಬೈಲಿನಿಂದ ಇಯರ್ ಸಾಕೆಟ್ಟಿಗೆ ಊದಬಹುದು. ಇಕ್ವಲೈಜರ್ ಬಂದ್, ವಾಲ್ಯೂಮ್ ಮುಕ್ಕಾಲಿಗಿಂತ ಮೇಲೆ. ಇಂಥ ಸಾವಿರ ಸ್ಪೆಕ್ಟ್ರಮ್ಮುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದೇ ಆಟವನ್ನು ಪುಕ್ಕಟೆ ಆಡಿಸಬಲ್ಲ ಫೋನು ಇಲ್ಲಿ ಟೇಪ್ ರೆಕಾರ್ಡರಿನ ಜೀತಕ್ಕಿದೆ.

48 ಕೆ ಆಟ ಹತ್ತಲು ಸುಮಾರು ಐದು ನಿಮಿಷ. ಅಂಚಿನಲ್ಲಿ ನೀಲಿ-ಹಳದಿ ಗೆರೆ ಓಡುತ್ತಿವೆ, ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾರೆ. ನಾಲ್ಕು ನಿಮಿಷ ನಲವತ್ತು ಸೆಕೆಂಡ್. ಫೋನಿಗೆ ರಿಂಗು ಬಂತು. ಪರದೆಯ ಕೆಳಗೆ ‘ಆರ್ ಟೇಪ್ ಲೋಡಿಂಗ್ ಎರರ್’.

“ಏನ್ ತಮ್ಮಾ,” ಅಂತ ಆ ಕಡೆಯಿಂದ ಕಾಕಾ, “ಹಚ್ಚಿ ನೋಡಿದೇನು?”